ಕೊಡಗಿನಲ್ಲಿ ನೋಟಿಸು, ಸಮನ್ಸು ಮುಟ್ಟಿಸುವುದನ್ನೇ ಕಸುಬು ಮಾಡಿಕೊಂಡರೆ ಏನು ಗುರಿ ಇಟ್ಟುಕೊಳ್ಳಬೇಕು?

ಹಾರಂಗಿ_ದಂಡೆ:

ಕುಶಾಲನಗರದಲ್ಲಿ ಮೂರು ಜನ ಸೇರಿ ಸಣ್ಣ ಕಚೇರಿ ತೆರೆಯುವ ಯೋಚನೆ ನಡೆದಿದೆ. ವಕೀಲರ ನೋಟಿಸು, ಅಂಗಡಿ-ಹೋಂಸ್ಟೇ ಖಾಲಿ ಮಾಡಿಸುವ ನೋಟಿಸು, ಚೆಕ್ ಬೌನ್ಸ್ ನೋಟಿಸು, ಆರ್ಬಿಟ್ರೇಷನ್ (ಮಧ್ಯಸ್ಥಿಕೆ) ಕಾಗದ, ಸಾಧ್ಯವಾದರೆ ಕೋರ್ಟಿನ ಸಮನ್ಸೂ. ಇವನ್ನು ಖುದ್ದಾಗಿ ಮುಟ್ಟಿಸಿ, ದಾಖಲೆ ಸಮೇತ ವರದಿ ಕೊಡುವುದು ಕೆಲಸ. ಎರಡು ಬೈಕು, ಒಂದು ಜೀಪು ಇವೆ. ಜಿಲ್ಲೆಯ ಐದೂ ತಾಲ್ಲೂಕು ಓಡಾಡಿ ಗೊತ್ತು.

ಅಮೆರಿಕದಲ್ಲಿ ಇದು ಪ್ರತ್ಯೇಕ ವೃತ್ತಿ, ಅಲ್ಲಿನವರು ವರ್ಷಕ್ಕೊಮ್ಮೆ ಗುರಿ ಹಾಕಿಕೊಂಡು ಕೆಲಸ ಮಾಡುತ್ತಾರೆ ಎಂದು ಓದಿದ್ದೇವೆ. ನಮ್ಮಲ್ಲಿ ಇದಕ್ಕೆ ಕಾನೂನು ಎಲ್ಲಿವರೆಗೆ ಬಿಡುತ್ತದೆ? ಮೊದಲ ವರ್ಷಕ್ಕೆ ಯಾವ ಗುರಿ ಇಟ್ಟುಕೊಂಡರೆ ಸರಿ? ನೂರಕ್ಕೆ ತೊಂಬತ್ತು ಜಾರಿ ಎಂದು ಬೋರ್ಡಿನಲ್ಲಿ ಬರೆಸೋಣ ಅಂತ ನಮ್ಮ ಹುಡುಗ ಹೇಳುತ್ತಿದ್ದಾನೆ. ಎಲ್ಲವೂ ವಾಟ್ಸಾಪಿಗೆ ಹೋಗುತ್ತಿರುವಾಗ ಈ ಕಸುಬು ಇನ್ನು ಎಷ್ಟು ದಿನ ಎಂಬ ಅನುಮಾನವೂ ಇದೆ. ಬಲ್ಲವರು ತಿಳಿಸಿ.

ವಿರಾಜಪೇಟೆ_ವಕಾಲತ್ತು:

ಮೊದಲು ಬೇಲಿ ಎಲ್ಲಿದೆ ಅಂತ ನೋಡಿಕೊಳ್ಳಿ, ಆಮೇಲೆ ಗುರಿ.

ಅಮೆರಿಕದ ಫೆಡರಲ್ ನಿಯಮ 4ರ ಪ್ರಕಾರ 18 ತುಂಬಿದ, ದಾವೆಯಲ್ಲಿ ಪಕ್ಷಕಾರನಲ್ಲದ ಯಾರು ಬೇಕಾದರೂ ಸಮನ್ಸ್ ಮುಟ್ಟಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ಸಂಬಳಕ್ಕೆ ವರ್ಷಕ್ಕೆ ಹತ್ತಕ್ಕಿಂತ ಹೆಚ್ಚು ಜಾರಿ ಮಾಡುವವರು ಕೌಂಟಿಯಲ್ಲಿ ನೋಂದಾಯಿಸಿ 2,000 ಡಾಲರ್ ಬಾಂಡ್ ಕೊಡಬೇಕು. ನ್ಯೂಯಾರ್ಕ್ ನಗರದಲ್ಲಿ ಲೈಸೆನ್ಸ್ ಬೇಕು, ಜಿಪಿಎಸ್ ದಾಖಲೆ ಕಡ್ಡಾಯ. ನಮ್ಮಲ್ಲಿ ಅಂಥ ಖಾಸಗಿ ಲೈಸೆನ್ಸೇ ಇಲ್ಲ. ಸಿವಿಲ್ ಸಮನ್ಸ್ ಒಯ್ಯುವವರು ಕೋರ್ಟಿನ ನಜರತ್ (ಸಮನ್ಸ್ ಜಾರಿ) ಶಾಖೆಯ ಪ್ರೋಸೆಸ್ ಸರ್ವರ್, ಅಂದರೆ ನಮ್ಮ ಜನ ಅಮೀನ ಎನ್ನುವವರು. ಕ್ರಿಮಿನಲ್ ಸಮನ್ಸ್ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 64ರಂತೆ ಪೊಲೀಸರ ಅಥವಾ ಸರ್ಕಾರ ನಿಯಮ ಮಾಡಿದ್ದರೆ ಕೋರ್ಟ್ ಅಧಿಕಾರಿ, ಇತರ ಸರ್ಕಾರಿ ನೌಕರರ ಕೈಲಿ ಹೋಗುತ್ತದೆ. ಅದರ ಹತ್ತಿರ ಹೋಗಬೇಡಿ.

ಹಾಗಾದರೆ ನಿಮಗೇನು ಉಳಿಯಿತು? ಕೋರ್ಟಿಗೆ ಹೋಗುವ ಮುಂಚಿನ ಕಾಗದ ಅಷ್ಟೂ ಉಳಿಯಿತು. ವಕೀಲರ ನೋಟಿಸನ್ನು ಯಾರು ಒಯ್ಯಬೇಕು ಎಂಬ ನಿರ್ಬಂಧ ಇಲ್ಲ. ಆರ್ಬಿಟ್ರೇಷನ್ ಕಾಯ್ದೆಯ ಕಲಂ 3 ಖುದ್ದಾಗಿ ಮುಟ್ಟಿಸುವುದನ್ನು ಒಪ್ಪುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 106ರ ಖಾಲಿ ಮಾಡಿಸುವ ನೋಟಿಸನ್ನು ಬಾಡಿಗೆದಾರನಿಗೆ, ಅವನ ಮನೆಯಲ್ಲಿ ಕುಟುಂಬದವರಿಗೆ ಅಥವಾ ಆಳಿಗೂ ಕೊಡಬಹುದು. ಇದೇ ಲೆಕ್ಕ ಸಮನ್ಸಿಗೆ ಹಿಡಿಯಬೇಡಿ. ಸಮನ್ಸಿನಲ್ಲಿ ಆಳು ಕುಟುಂಬದವನಲ್ಲ ಎಂದು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 5, ನಿಯಮ 15ರ ವಿವರಣೆಯೇ ಹೇಳುತ್ತದೆ. ಒಂದೇ ಮನೆ, ಒಂದೇ ಅಡುಗೆಯವನು, ಕಾಗದ ಬೇರೆ ಆದರೆ ಫಲ ಬೇರೆ.

ಕೋರ್ಟ್ ಸಮನ್ಸಿಗೆ ಮೂರು ಕಿಂಡಿಗಳಿವೆ. ಒಂದು ಅದೇ ಆದೇಶ 5ರ ನಿಯಮ 9ಎ, ನಾವು ಹ್ಯಾಂಡ್ ಸಮನ್ಸ್ ಅನ್ನುವುದು. ವಾದಿ ಅರ್ಜಿ ಹಾಕಿ ಕೋರ್ಟ್ ಅನುಮತಿ ಕೊಟ್ಟರೆ ವಾದಿ ಕಡೆಯಿಂದಲೇ ಜಾರಿ ಮಾಡಬಹುದು. ಅನುಮತಿ ಸಿಗುವುದು ವಾದಿಗೆ, ಆದ್ದರಿಂದ ಯಾರ ಕೈಲಿ ಒಯ್ಯಿಸುತ್ತೇವೆ ಎಂದು ಅರ್ಜಿಯಲ್ಲೇ ಹೆಸರು ಹಾಕಿಸಿ ಆದೇಶ ಪಡೆಯುವುದು ಲೇಸು. ಇದರಲ್ಲಿ ಬಾಗಿಲಿಗೆ ಅಂಟಿಸುವ ಅಧಿಕಾರ ನಿಮಗಿಲ್ಲ. ಪ್ರತಿವಾದಿ ಬೇಡ ಅಂದರೆ, ಸಹಿ ಹಾಕದಿದ್ದರೆ, ಸಿಗದಿದ್ದರೆ ವಾಪಸ್ ತಂದು ಒಪ್ಪಿಸಿ. ವಾದಿ ಮತ್ತೆ ಅರ್ಜಿ ಹಾಕಿದರೆ ಅಮೀನರ ಮೂಲಕ ಹೊಸ ಸಮನ್ಸ್ ಹೊರಡುತ್ತದೆ.

ಎರಡನೆಯದು ಕೊರಿಯರ್ ಪಟ್ಟಿ. ನಿಯಮ 9ರ 6ನೇ ಉಪನಿಯಮದಂತೆ ಹೈಕೋರ್ಟ್ ಅಥವಾ ಜಿಲ್ಲಾ ನ್ಯಾಯಾಧೀಶರು ಕೊರಿಯರ್ ಸಂಸ್ಥೆಗಳ ಪಟ್ಟಿ ಸಿದ್ಧಪಡಿಸಬೇಕು. ನಿಮ್ಮ ದೂರದ ಗುರಿ ಇದೇ ಆಗಲಿ. ಮಡಿಕೇರಿ ಜಿಲ್ಲಾ ಕೋರ್ಟಿಗೆ ಅರ್ಜಿ ಕೊಡುವಾಗ ತೋರಿಸಲು ಒಂದೆರಡು ವರ್ಷದ ಶುದ್ಧ ರಿಜಿಸ್ಟರ್ ಬೇಕಾಗುತ್ತದೆ.

ಮೂರನೆಯದು ಹೊಸದು. ಚೆಕ್ ಬೌನ್ಸ್ ಪ್ರಕರಣಗಳಲ್ಲಿ ಮಾಮೂಲಿ ಮಾರ್ಗದ ಜೊತೆಗೆ ದೂರುದಾರನ ಕೈಲೂ ಸಮನ್ಸ್ ಕೊಟ್ಟು ಕಳಿಸಬೇಕು, ಎಲೆಕ್ಟ್ರಾನಿಕ್ ಮಾರ್ಗವನ್ನೂ ಬಳಸಬೇಕು ಎಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 25ರಂದು ಹೇಳಿದೆ. ಆರೋಪಿಯ ಮೊಬೈಲ್, ಇಮೇಲ್, ವಾಟ್ಸಾಪ್ ವಿವರವನ್ನು ಪ್ರಮಾಣಪತ್ರದ ಮೇಲೆ ಕೊಡಬೇಕು, ಜಾರಿಯಾದ ಬಗ್ಗೆ ಮತ್ತೊಂದು ಪ್ರಮಾಣಪತ್ರ ಹಾಕಬೇಕು. ಆ ಪ್ರಮಾಣಪತ್ರ ಸುಳ್ಳಾದರೆ ದೂರುದಾರನ ಮೇಲೆ ಕ್ರಮ. ಇಲ್ಲಿ ದೂರುದಾರನಿಗೆ ನಂಬಿಕಸ್ತರು ಬೇಕು, ನಿಮ್ಮ ಕೆಲಸ ಇಲ್ಲಿ ಬೆಳೆಯುತ್ತದೆ.

ಖಾಕಿ ಬಣ್ಣದ ಶರ್ಟು, ಅಶೋಕ ಸ್ತಂಭದ ಗುರುತಿನ ಚೀಟಿ, ಬೈಕಿನ ಮೇಲೆ ‘ಕೋರ್ಟ್ ಡ್ಯೂಟಿ’ ಸ್ಟಿಕರ್ ಯಾವುದೂ ಬೇಡ. ಸರ್ಕಾರಿ ನೌಕರನೆಂದು ನಟಿಸುವುದು ನ್ಯಾಯ ಸಂಹಿತೆಯ ಕಲಂ 204ರಲ್ಲಿ ಅಪರಾಧ, ಅವರ ವೇಷ-ಗುರುತು ಧರಿಸುವುದು 205ರಲ್ಲಿ. ಬಾಗಿಲಲ್ಲಿ ನಿಂತು ‘ಕೋರ್ಟಿಂದ ಬಂದಿದ್ದೇವೆ’ ಅನ್ನುವ ಒಂದು ಮಾತೂ ಸಾಕು ತಗುಲಿಕೊಳ್ಳಲು.

ಹಳೇ_ನಾಜರ್:

ವಕೀಲರು ಹೇಳಿದ್ದಕ್ಕೆ ಸೇರಿಸಿ. ಕಾಗದ ಮುಟ್ಟಿಸುವುದು ಅರ್ಧ ಕೆಲಸ. ಕೋರ್ಟಿನಲ್ಲಿ ನಿಲ್ಲುವುದು ಷರಾ, ಅಂದರೆ ಜಾರಿ ಹೇಗಾಯಿತೆಂದು ಬರೆದುಕೊಡುವ ಟಿಪ್ಪಣಿ. ಎಕ್ಸ್‌ಪಾರ್ಟಿ ಡಿಕ್ರಿ (ಪ್ರತಿವಾದಿ ಬಾರದೆ ಆದ ತೀರ್ಪು) ಆಗಿ ಎಷ್ಟೋ ಕಾಲದ ಮೇಲೆ ಪ್ರತಿವಾದಿ ಆದೇಶ 9, ನಿಯಮ 13ರಡಿ ಅರ್ಜಿ ಹಾಕಿ ‘ನನಗೆ ಸಮನ್ಸೇ ಬಂದಿಲ್ಲ’ ಅನ್ನುತ್ತಾನೆ. ಆಗ ನೋಡುವುದು ಆ ನಾಲ್ಕು ಸಾಲನ್ನೇ.

ಕೆಟ್ಟ ಷರಾ ಹೀಗಿರುತ್ತದೆ: ‘ಪ್ರತಿವಾದಿ ಮನೆಯಲ್ಲಿ ಇರಲಿಲ್ಲ. ಬಾಗಿಲಿಗೆ ಅಂಟಿಸಲಾಗಿದೆ.’ ಎಷ್ಟು ಹೊತ್ತಿಗೆ? ಯಾವ ಮನೆ? ಅದು ಅವನದೇ ಮನೆ ಅಂತ ಯಾರು ತೋರಿಸಿದರು? ಎದುರಿಗೆ ಯಾರಿದ್ದರು? ಆದೇಶ 5ರ ನಿಯಮ 17 ಮತ್ತು 18 ಕೇಳುವುದು ಇಷ್ಟನ್ನೇ, ಇದರಲ್ಲಿ ಒಂದೂ ಇಲ್ಲ.

ಸರಿಯಾದದ್ದು ಹೀಗೆ: ‘ಈ ದಿನ ಬೆಳಿಗ್ಗೆ 9-40ಕ್ಕೆ ಸದರಿ ಗ್ರಾಮದ ಸದರಿ ಮನೆ ನಂಬರಿಗೆ ಹೋಗಿ ವಿಚಾರಿಸಲಾಗಿ ಮುಂಬಾಗಿಲಿಗೆ ಬೀಗ ಹಾಕಿತ್ತು. ನೆರೆಮನೆಯ ಇಂಥವರು, ತಂದೆ ಹೆಸರು, ವಯಸ್ಸು, ವಾಸ, ಇದು ಪ್ರತಿವಾದಿಯ ವಾಸದ ಮನೆಯೇ ಎಂದು ಗುರುತಿಸಿದರು. ಪ್ರತಿವಾದಿ ಮೈಸೂರಿನ ಮಗಳ ಮನೆಗೆ ಹೋಗಿದ್ದು ಭಾನುವಾರ ಬರುವುದಾಗಿ ತಿಳಿಸಿದರು. ಅವರ ಸಹಿ ಪಡೆದಿದೆ.’

ಈಗ ಇಲ್ಲಿ ನಿಂತು ಯೋಚಿಸಿ. ಭಾನುವಾರ ಬರುತ್ತಾನೆ ಅಂತ ನೀವೇ ಬರೆದ ಮೇಲೆ ಗುರುವಾರ ಅಂಟಿಸಿದರೆ ಆ ಷರಾ ನಿಮ್ಮ ವಿರುದ್ಧವೇ ಸಾಕ್ಷಿ. ‘ಸಕಾರಣವಾದ ಅವಧಿಯೊಳಗೆ ಸಿಗುವ ಸಂಭವವಿಲ್ಲ’ ಅನ್ನಿಸಿದಾಗ ಮಾತ್ರ ಅಂಟಿಸುವುದು, ಅದೂ ಅಮೀನರು; ಹ್ಯಾಂಡ್ ಸಮನ್ಸಿನಲ್ಲಿ ವಕೀಲರು ಹೇಳಿದಂತೆ ನಿಮಗೆ ಆ ಅಧಿಕಾರ ಇಲ್ಲ. ಸೋಮವಾರ ಮತ್ತೆ ಹೋಗಿ, ಸಂಜೆ ಹೊತ್ತು ಹೋಗಿ. ಎರಡು ಭೇಟಿಯೂ ಒಂದೇ ಸಮಯದಲ್ಲಿ ಆಗಿದ್ದರೆ ಅದನ್ನು ಪ್ರಯತ್ನ ಎಂದು ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ, ಕೆಲಸಕ್ಕೆ ಹೋಗುವವನು ಬೆಳಿಗ್ಗೆ 11ಕ್ಕೆ ಮನೇಲಿ ಸಿಗುತ್ತಾನೆಯೆ?

ಇನ್ನು ತಾರೀಖು. ಲಿಖಿತ ಹೇಳಿಕೆಗೆ 30 ದಿನ, ಹೆಚ್ಚೆಂದರೆ 90, ಕಮರ್ಷಿಯಲ್ ದಾವೆಯಲ್ಲಿ 120. ಲೆಕ್ಕ ಶುರುವಾಗುವುದು ಜಾರಿಯಾದ ದಿನದಿಂದ. ಚೆಕ್ ನೋಟಿಸಿನಲ್ಲಿ ದುಡ್ಡು ಕಟ್ಟಲು 15 ದಿನ, ಅದು ಕೈಗೆ ಬಂದ ದಿನದಿಂದ, ಅದು ಮುಗಿದ ಮೇಲೆ ದೂರು ಹಾಕಲು ಒಂದು ತಿಂಗಳು. ನೀವು 8ನ್ನು 6 ಅಂತ ಬರೆದರೆ ಇಡೀ ಲೆಕ್ಕ ಎರಡು ದಿನ ಜರುಗುತ್ತದೆ, ಅವಧಿಗೆ ಮುಂಚೆ ಹಾಕಿದ ದೂರು ಅಂತ ಬಿದ್ದು ಹೋಗಬಹುದು. ಸಹಿ ಹಾಕುವವರ ಕೈಲೇ ತಾರೀಖು, ಗಂಟೆ ಬರೆಸಿ. ಹೆಬ್ಬೆಟ್ಟು ಆದರೆ ಪಕ್ಕದಲ್ಲಿ ಗುರುತಿಸಿದವರ ಸಹಿ ಇರಲಿ.

ಕಟ್ಟು ಹೊರಡುವ ಮುಂಚೆ ನೋಡಬೇಕಾದದ್ದು: ಸಮನ್ಸಿಗೆ ಮುದ್ರೆ, ಸಹಿ ಇದೆಯೇ, ದಾವೆ ಪ್ರತಿ ಲಗತ್ತಾಗಿದೆಯೇ, ಎಲ್ಲ ಪುಟ ಇದೆಯೇ, ಪ್ರತಿವಾದಿಗಳು ಎಷ್ಟು ಜನರೋ ಅಷ್ಟು ಸೆಟ್ ಇದೆಯೇ. ಜಮ್ಮಾ ಆಸ್ತಿಯ (ವಂಶಪಾರಂಪರ್ಯವಾಗಿ ಬಂದ ಕೊಡಗಿನ ಜಮೀನಿನ) ಭಾಗದ ದಾವೆಯಲ್ಲಿ ಒಂದೇ ಒಕ್ಕದ (ಮನೆತನದ) ಹತ್ತಿಪ್ಪತ್ತು ಜನ ಪ್ರತಿವಾದಿಗಳು ಇರುವುದುಂಟು. ಒಬ್ಬರ ಕೈಗೆ ಎಲ್ಲರದ್ದೂ ಕೊಟ್ಟು ‘ಹಂಚಿಬಿಡಿ’ ಅನ್ನುವುದು ಇಲ್ಲಿನ ಹಳೇ ಚಾಳಿ. ನಿಯಮ 11 ಪ್ರತಿಯೊಬ್ಬರಿಗೂ ಬೇರೆ ಬೇರೆ ಜಾರಿಯಾಗಬೇಕು ಎನ್ನುತ್ತದೆ.

ಬಾಣೆ_ಬದಿ:

ಕೊಡಗಿನ ವಿಳಾಸದ ವಿಷಯ ಯಾರೂ ಹೇಳಲಿಲ್ಲ. ಬೆಂಗಳೂರಿನವರು ಬರೆದ ನಿಯಮದ ಹಾಗೆ ಡೋರ್ ನಂಬರ್ ಹಿಡಿದು ಹೊರಟರೆ ದಿನ ಹಾಳು.

ಹೆಸರು ಮೊದಲು. ಮನೆತನದ ಹೆಸರು, ಆಮೇಲೆ ವ್ಯಕ್ತಿಯ ಹೆಸರು. ಒಂದೇ ಒಕ್ಕದಲ್ಲಿ ಅದೇ ಹೆಸರಿನವರು ಇಬ್ಬರು ಮೂವರು ಇರುತ್ತಾರೆ, ಅಜ್ಜನ ಹೆಸರು ಮೊಮ್ಮಗನಿಗೆ ಇಟ್ಟಿರುತ್ತಾರೆ. ತಂದೆ ಹೆಸರು, ಅಂದಾಜು ವಯಸ್ಸು, ‘ನಿವೃತ್ತ ಸುಬೇದಾರ್’, ‘ಟೀಚರ್’ ಎಂಬಂಥ ಗುರುತು ವಕೀಲರಿಂದ ಬರೆಸಿಕೊಳ್ಳದೆ ಕಾಗದ ಸ್ವೀಕರಿಸಲೇಬೇಡಿ.

ಐನ್‌ಮನೆ ವಿಳಾಸ ಕೊಟ್ಟಿದ್ದರೆ ಎಚ್ಚರ. ಒಕ್ಕಕ್ಕೆಲ್ಲ ಅದು ಮೂಲಮನೆ. ಆದರೆ ಬಹಳಷ್ಟು ಕಡೆ ಅಲ್ಲಿ ಇರುವುದು ಒಂದು ಸಂಸಾರ ಅಥವಾ ಕಾವಲಿನವರು, ಉಳಿದವರು ಪುತ್ತರಿ ಸುಗ್ಗಿ ಹಬ್ಬಕ್ಕೋ, ಹಿರಿಯರನ್ನು ನೆನೆಯುವ ಕಾರಣಂಗೋ ಬಂದು ಹೋಗುವವರು. ಅಲ್ಲಿರುವ ದೊಡ್ಡಮ್ಮನಿಗೆ ಕೊಟ್ಟರೆ ನಿಯಮ 15ರ ‘ಜೊತೆಯಲ್ಲಿ ವಾಸಿಸುವ ವಯಸ್ಕ ಸದಸ್ಯ’ ಆಗುವುದಿಲ್ಲ, ಏಕೆಂದರೆ ಪ್ರತಿವಾದಿ ವಾಸ ಬೆಂಗಳೂರಿನಲ್ಲಿ. ಪುತ್ತರಿ ಹೊತ್ತಿಗೆ ಬಂದಾಗ ಖುದ್ದು ಕೈಗೆ ಕೊಡುವುದು ಪಕ್ಕಾ ಜಾರಿ. ಆದರೆ ಕದಿರು ತೆಗೆಯುವ ರಾತ್ರಿಯೇ ಮನೆಗೆ ನುಗ್ಗಬೇಡಿ. ಕಾನೂನು ತಡೆಯದೇ ಇರಬಹುದು, ಊರು ತಡೆಯುತ್ತದೆ. ಮಾರನೆ ದಿನ ಹೋಗಿ.

ಎಸ್ಟೇಟ್ ಗೇಟು ಇನ್ನೊಂದು ಗುಂಡಿ. ಗೇಟಿನಿಂದ ಬಂಗಲೆ ಒಂದು ಕಿಲೋಮೀಟರ್ ಒಳಗೆ. ಕಾವಲಿನವನು ಬಿಡುವುದಿಲ್ಲ. ಸಮನ್ಸನ್ನು ಗೇಟಿಗೆ ಅಂಟಿಸಿ ಫೋಟೋ ತೆಗೆದು ಬರುವುದು ಎಲ್ಲರೂ ಮಾಡುವ ತಪ್ಪು. ನಿಯಮ 17 ಹೇಳುವುದು ಮನೆಯ ಹೊರಬಾಗಿಲು ಅಥವಾ ಮನೆಯ ಎದ್ದುಕಾಣುವ ಭಾಗ. ಗೇಟು ಮನೆಯಲ್ಲ. ‘ಗೇಟಿನಲ್ಲಿ ತಡೆದರು, ತಡೆದವರು ಇಂಥವರು, ಒಳಗಿನ ಮನೆ ಇಷ್ಟು ದೂರ’ ಎಂದು ಇದ್ದದ್ದು ಇದ್ದ ಹಾಗೆ ಬರೆದು ವಾಪಸ್ ಕೊಡಿ. ವಕೀಲರು ನಿಯಮ 20ರಡಿ ಬದಲಿ ಜಾರಿಗೆ ಅರ್ಜಿ ಹಾಕುತ್ತಾರೆ. ಕೋರ್ಟೇ ಗೇಟಿಗೆ ಅಂಟಿಸಿ ಎಂದರೆ ಆಗ ಗೇಟು ಸರಿ.

ರೈಟರಿಗೆ (ತೋಟದ ಲೆಕ್ಕ, ಆಳು ನೋಡಿಕೊಳ್ಳುವ ನೌಕರನಿಗೆ) ಕೊಡಬಹುದೇ ಎಂಬುದು ದಾವೆಯ ಮೇಲೆ ಹೋಗುತ್ತದೆ. ತೋಟದ ಗಡಿ, ದಾರಿ, ಸ್ವಾಧೀನ ಇಂಥ ಸ್ಥಿರಾಸ್ತಿಯ ದಾವೆಯಾದರೆ, ಧಣಿ ಖುದ್ದಾಗಿ ಸಿಗದೆ, ಸಮನ್ಸ್ ಪಡೆಯಲು ಅಧಿಕಾರ ಪಡೆದ ಏಜೆಂಟೂ ಇಲ್ಲದಿದ್ದರೆ, ಆಸ್ತಿ ನೋಡಿಕೊಳ್ಳುವ ಏಜೆಂಟಿಗೆ ನಿಯಮ 14ರಂತೆ ಕೊಡಬಹುದು. ಮ್ಯಾನೇಜರು, ತೋಟದ ಪೂರ್ತಿ ಹೊಣೆ ಹೊತ್ತ ರೈಟರು ಇದರಲ್ಲಿ ಬರುತ್ತಾರೆ. ಕೈಸಾಲದ ದಾವೆಗೆ ಅದೇ ರೈಟರ ಸಹಿ ಕೆಲಸಕ್ಕೆ ಬಾರದು.

ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಹಗಲು ಯಾರೂ ಇರುವುದಿಲ್ಲ. ಕಾಫಿ ಕೊಯ್ಲಿನ ಕಾಲ, ಅಂದರೆ ಅರೇಬಿಕಾಗೆ ನವೆಂಬರಿನಿಂದ, ರೋಬಸ್ಟಾಗೆ ಜನವರಿ ಆಚೀಚೆ, ಜನ ತೋಟದಿಂದ ತೋಟಕ್ಕೆ ಹೋಗುತ್ತಿರುತ್ತಾರೆ, ಮೂರು ತಿಂಗಳ ಹಿಂದಿನ ವಿಳಾಸ ಹಳೆಯದಾಗಿರುತ್ತದೆ. ವಾರದ ಸಂತೆ ದಿನ ಸಂಜೆ ಸಿಗುವ ಸಂಭವ ಹೆಚ್ಚು. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಆನೆ ಕಾಟ ಇರುವುದರಿಂದ ಮುಸ್ಸಂಜೆ ಮೇಲೆ ಬೈಕಿನಲ್ಲಿ ಒಬ್ಬರನ್ನೇ ಕಳಿಸಬೇಡಿ.

2018ರ ಆಗಸ್ಟಿನ ಭೂಕುಸಿತದಲ್ಲಿ ಮನೆ ಕಳೆದುಕೊಂಡವರ ಪಹಣಿ ಈಗಲೂ ಹಳೇ ಗ್ರಾಮದ್ದೇ, ವಾಸ ಕರ್ಣಂಗೇರಿ, ಜಂಬೂರು, ಮದೆನಾಡಿನ ಪುನರ್ವಸತಿ ಮನೆಗಳಲ್ಲಿ. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು ಕಡೆಯ ವಿಳಾಸ ಕಂಡರೆ ಹೊರಡುವ ಮುಂಚೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ಪಟಾಳಂನಲ್ಲಿರುವವರು ಇಲ್ಲಿ ಮನೆಗೊಬ್ಬರು. ಸೇವೆಯಲ್ಲಿರುವ ಸೈನಿಕನಿಗೆ ನಿಯಮ 28ರಂತೆ ಕೋರ್ಟೇ ಕಮಾಂಡಿಂಗ್ ಆಫೀಸರಿಗೆ ಸಮನ್ಸ್ ಕಳಿಸುತ್ತದೆ. 56 ಎಪಿಒ, 99 ಎಪಿಒ (ಸೇನೆಯ ಅಂಚೆ ಕಚೇರಿ) ವಿಳಾಸ ಇದ್ದರೆ ಆ ಕಟ್ಟು ನಿಮ್ಮದಲ್ಲ, ವಾಪಸ್ ಕೊಡಿ. ನಿವೃತ್ತರಿಗೆ ಇದು ಅನ್ವಯಿಸುವುದಿಲ್ಲ.

ಹಾರಂಗಿ_ದಂಡೆ:

ಗೇಟಿನ ವಿಷಯ ತಿಳಿದಿರಲಿಲ್ಲ, ಧನ್ಯವಾದ. ಎರಡು ಉಪಪ್ರಶ್ನೆ. ಅಮೆರಿಕದ ಸಂಸ್ಥೆಯೊಂದು ಇಮೇಲ್ ಮಾಡಿ, ಅಲ್ಲಿನ ವಿಚ್ಛೇದನ ಪ್ರಕರಣದ ಕಾಗದವನ್ನು ಇಲ್ಲಿರುವ ಹೆಂಡತಿಗೆ ಮುಟ್ಟಿಸಿದರೆ ಡಾಲರಿನಲ್ಲಿ ಕೊಡುತ್ತೇವೆ ಅಂದಿದೆ. ತೆಗೆದುಕೊಳ್ಳಬಹುದೇ? ಮತ್ತೆ ಫೋನು, ಆ್ಯಪ್ ಇತ್ಯಾದಿ ಏನು ಬೇಕು?

ವಿರಾಜಪೇಟೆ_ವಕಾಲತ್ತು:

ಮೊದಲನೆಯದಕ್ಕೆ: ಬೇಡ. ಬೇರೆ ದೇಶದ ಕೋರ್ಟ್ ಕಾಗದ ಮುಟ್ಟಿಸುವ ಬಗೆಗಿನ ಅಂತಾರಾಷ್ಟ್ರೀಯ ಒಪ್ಪಂದವಾದ ಹೇಗ್ ಸರ್ವೀಸ್ ಕನ್ವೆನ್ಷನ್ ಭಾರತಕ್ಕೆ 2007ರ ಆಗಸ್ಟ್ 1ರಿಂದ ಅನ್ವಯಿಸುತ್ತದೆ. ಭಾರತ ಅದರ 10ನೇ ವಿಧಿಗೆ ಆಕ್ಷೇಪ ದಾಖಲಿಸಿದೆ. ಅಂದರೆ ನೇರ ಅಂಚೆ, ಖಾಸಗಿ ಏಜೆಂಟು ಎಂಬ ದಾರಿ ಮುಚ್ಚಿದೆ. ಕೋರಿಕೆ ದೆಹಲಿಯಲ್ಲಿರುವ ಕಾನೂನು ವ್ಯವಹಾರಗಳ ಇಲಾಖೆಗೆ ಬಂದು, ಅಲ್ಲಿಂದ ಇಲ್ಲಿನ ಕೋರ್ಟಿಗೆ ಇಳಿದು, ಅಮೀನರ ಕೈಲಿ ಹೋಗಬೇಕು. ನೀವು ಕೊಟ್ಟು ಬಂದರೆ ಆ ಹೆಣ್ಣುಮಗಳು ಮುಂದೆ ಸಿಪಿಸಿ ಕಲಂ 13ರಡಿ ಆ ತೀರ್ಪನ್ನೇ ಪ್ರಶ್ನಿಸುವಾಗ ನಿಮ್ಮ ಹೆಸರು ಸಾಕ್ಷಿ ಪಟ್ಟಿಯಲ್ಲಿರುತ್ತದೆ. ಡಾಲರು ಚಿಕ್ಕದು.

ದಾಖಲೆ_ಡಬ್ಬಿ:

ಉಪಕರಣದ ಬಗ್ಗೆ ನಾನು ಹೇಳುತ್ತೇನೆ. ಈ ಕಸುಬು ಯಾವ ಕಡೆ ಹೊರಳುತ್ತಿದೆ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ.

ಕೋರ್ಟಿನ ಅಮೀನರಿಗೆ ಈಗ ಎನ್‌ಸ್ಟೆಪ್ ಎಂಬ ಮೊಬೈಲ್ ಆ್ಯಪ್ ಇದೆ. ಸ್ಥಳದ ಜಿಪಿಎಸ್ ಗುರುತು, ಫೋಟೋ, ಪರದೆಯ ಮೇಲೆ ಸಹಿ, ಎಲ್ಲ ನೇರ ಕೋರ್ಟಿನ ವ್ಯವಸ್ಥೆಗೆ ಹೋಗುತ್ತದೆ. ಬೇರೆ ಜಿಲ್ಲೆ, ಬೇರೆ ರಾಜ್ಯದ ಸಮನ್ಸೂ ಅದರಲ್ಲೇ ವರ್ಗವಾಗುತ್ತದೆ. 2023ರ ಸೆಪ್ಟೆಂಬರಿನಲ್ಲಿ 7,210 ಕೋಟಿ ರೂಪಾಯಿಯ ಇ-ಕೋರ್ಟ್ಸ್ ಮೂರನೇ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಮೇಲೆ ಇದೆಲ್ಲ ಇನ್ನೂ ಗಟ್ಟಿಯಾಗುತ್ತಿದೆ. ಖಾಸಗಿಯವರಿಗೆ ಅದರೊಳಗೆ ಪ್ರವೇಶ ಇಲ್ಲ. ಆದರೆ ನ್ಯಾಯಾಧೀಶರ ಕಣ್ಣು ಆ ಗುಣಮಟ್ಟಕ್ಕೆ ಒಗ್ಗಿದ ಮೇಲೆ ನಿಮ್ಮ ಬರೀ ಕಾಗದದ ವರದಿ ಸಪ್ಪೆ ಕಾಣುತ್ತದೆ. ಆದ್ದರಿಂದ ನೀವೂ ಅದೇ ಮೂರನ್ನು ಕೊಡಿ.

ಫೋನಿನಲ್ಲಿ ಗಡಿಯಾರ ಆಟೋಮ್ಯಾಟಿಕ್‌ನಲ್ಲಿರಲಿ, ಕ್ಯಾಮರಾದ ಲೊಕೇಷನ್ ಟ್ಯಾಗ್ ಆನ್ ಇರಲಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಉಪಗ್ರಹ ಸಾಕು. ಆದರೆ ಡೇಟಾ ಇಲ್ಲದಿದ್ದರೆ ಮೊದಲ ಸ್ಥಾನ ಹಿಡಿಯಲು ಕೆಲವು ನಿಮಿಷ ಬೇಕಾಗುತ್ತದೆ, ಸಿಲ್ವರ್ ಓಕ್ ನೆರಳಿನ ತೋಟದಲ್ಲಿ ಇನ್ನೂ ತಡ. ಬಿರುನಾಣಿ, ಕರಿಕೆ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಯಿತು. ಅಂಗಳದಲ್ಲಿ, ಮೇಲೆ ಆಕಾಶ ಕಾಣುವ ಕಡೆ ನಿಂತು, ಮ್ಯಾಪಿನಲ್ಲಿ ನೀಲಿ ವೃತ್ತ ಚಿಕ್ಕದಾಗುವವರೆಗೆ ಕಾಯಿರಿ. ಕಾಯದೆ ಕ್ಲಿಕ್ಕಿಸಿದರೆ ಹಿಂದಿನ ಊರಿನ ಗುರುತೇ ಫೋಟೋಕ್ಕೆ ಅಂಟಿಕೊಳ್ಳುತ್ತದೆ. ಪಾಟೀಸವಾಲಿನಲ್ಲಿ ವಕೀಲರು ಎತ್ತಿ ಹಿಡಿಯುವುದು ಅದನ್ನೇ.

ಫೋಟೋವನ್ನು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ. ಅದು ಕುಗ್ಗಿಸುತ್ತದೆ, ಒಳಗಿನ ಸ್ಥಳ-ಸಮಯದ ಮಾಹಿತಿ ಅಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಸಂಜೆ ಕಚೇರಿಯಲ್ಲಿ ಕೇಬಲ್ ಹಾಕಿ ಮೂಲ ಫೈಲನ್ನೇ ಇಳಿಸಿಕೊಳ್ಳಿ. ಇಳಿಸಿದ ತಕ್ಷಣ ಎಸ್‌ಎಚ್‌ಎ-256 ಹ್ಯಾಶ್ (ಫೈಲು ಬದಲಾಗಿಲ್ಲ ಎಂದು ತೋರಿಸುವ ಅಂಕಿ-ಅಕ್ಷರದ ಗುರುತು) ತೆಗೆದು ರಿಜಿಸ್ಟರಿನಲ್ಲಿ ಬರೆಯಿರಿ. ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದಲ್ಲಿ ಹ್ಯಾಶ್ ತುಂಬಬೇಕು, ಅದಕ್ಕೆ ಎ ಮತ್ತು ಬಿ ಎಂದು ಎರಡು ಭಾಗ. ಬಿ ಭಾಗಕ್ಕೆ ಪರಿಣತನ ಸಹಿ, ಅದನ್ನು ಯಾರಿಂದ ಮಾಡಿಸುತ್ತೀರಿ ಎಂದು ಕಚೇರಿ ತೆರೆಯುವ ಮುಂಚೆಯೇ ಗೊತ್ತು ಮಾಡಿಕೊಳ್ಳಿ. ಜನರ ಮುಖದ ಚಿತ್ರ ಹುಡುಗರ ಸ್ವಂತ ಫೋನಿನಲ್ಲಿ ಉಳಿಯಬಾರದು.

ಅಂಚೆಯೂ ಬದಲಾಯಿತು. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನ. ಈಗ ಸ್ಪೀಡ್ ಪೋಸ್ಟ್ ಮಾಡುವಾಗ ‘ರಿಜಿಸ್ಟ್ರೇಷನ್’ ಬೇಕೆಂದು ಕೇಳಿ 5 ರೂಪಾಯಿ ಮತ್ತು ಜಿಎಸ್‌ಟಿ ಹೆಚ್ಚು ಕೊಟ್ಟರೆ ಮಾತ್ರ ವಿಳಾಸದಾರರ ಕೈಗೇ ಎಂಬ ಹಳೆಯ ವ್ಯವಸ್ಥೆ. ಕೇಳದೆ ಬಂದರೆ ಬರೀ ಸ್ಪೀಡ್ ಪೋಸ್ಟ್, ಮನೆಯಲ್ಲಿ ಯಾರ ಕೈಗಾದರೂ ಹೋಗಬಹುದು. ಒಟಿಪಿ ಡೆಲಿವರಿ ಎಂಬ ಇನ್ನೊಂದು ಸೌಲಭ್ಯವನ್ನು ನೋಟಿಸಿಗೆ ಹಾಕಿಸಬೇಡಿ. ಒಟಿಪಿ ಹೇಳದಿದ್ದರೆ ಕಾಗದ ವಾಪಸ್, ತಪ್ಪಿಸಿಕೊಳ್ಳುವವನಿಗೆ ನೀವೇ ಬಾಗಿಲು ತೆರೆದಂತೆ.

ವಾಟ್ಸಾಪ್ ಭಯ ಸದ್ಯಕ್ಕೆ ಬೇಡ. 2020ರ ಜುಲೈನಲ್ಲಿ ಕೋವಿಡ್ ಕಾಲಕ್ಕೆ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತ್ತು. ಅದೇ ಕೋರ್ಟ್ 2025ರ ಜನವರಿಯಲ್ಲಿ, ಪೊಲೀಸರು ಹಾಜರಾತಿ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸುವುದು ನಿಯಮದ ಜಾರಿಗೆ ಬದಲಿಯಲ್ಲ ಎಂದಿದೆ. ನೀಲಿ ಟಿಕ್ ಆಫ್ ಮಾಡಿಟ್ಟವನ ಮುಂದೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಸುಲಭದ ಜಾರಿ ಫೋನಿಗೆ ಹೋಗಲಿ, ಕಷ್ಟದ್ದು ನಿಮ್ಮ ಕೈಗೆ ಉಳಿಯುತ್ತದೆ. ದರವನ್ನೂ ಹಾಗೇ ಕಟ್ಟಿ: ಜಾರಿಗಿಷ್ಟು ಅಂತ ಬೇಡ, ಭೇಟಿಗಿಷ್ಟು ಮತ್ತು ಕಿಲೋಮೀಟರಿಗಿಷ್ಟು.

ಗುರಿ ವಿಷಯದಲ್ಲಿ ನಿಮ್ಮ ಹುಡುಗನ ಬೋರ್ಡು ತಪ್ಪೇನಿಲ್ಲ ಅನ್ನಿಸುತ್ತದೆ. ಅಳೆಯದ ಕೆಲಸ ಸುಧಾರಿಸುವುದಿಲ್ಲ.

ಹಳೇ_ನಾಜರ್:

ಕೊನೆಯ ಸಾಲಿಗೆ ನನ್ನ ಪೂರ್ತಿ ವಿರೋಧ ಇದೆ. ನೂರಕ್ಕೆ ತೊಂಬತ್ತು ಅಂತ ಬೋರ್ಡು ಹಾಕಿದ ದಿನ ಹುಡುಗರು ರಸ್ತೆ ಬದಿ ಕೂತು ಷರಾ ಬರೆಯಲು ಶುರು ಮಾಡುತ್ತಾರೆ. ‘ನಿರಾಕರಿಸಿದರು’ ಎಂಬ ಒಂದು ಪದ ಸಾಕಲ್ಲ, ಜಾರಿ ಆಯಿತು! ಅಮೆರಿಕದಲ್ಲಿ ಚರಂಡಿಗೆ ಎಸೆದು ಜಾರಿ ಅಂತ ಪ್ರಮಾಣ ಮಾಡಿದವರ ಕಾಟಕ್ಕೇ ನ್ಯೂಯಾರ್ಕಿನವರು ಜಿಪಿಎಸ್ ತಂದದ್ದು. ಇಲ್ಲಿ ಕೋರ್ಟಿಗೆ ಸುಳ್ಳು ಪ್ರಮಾಣಪತ್ರ ಕೊಟ್ಟರೆ ನ್ಯಾಯ ಸಂಹಿತೆಯ ಕಲಂ 229ರಲ್ಲಿ ಏಳು ವರ್ಷದವರೆಗೆ ಶಿಕ್ಷೆ.

ಅಳೆಯುವುದಾದರೆ ನಿಮ್ಮ ಕೈಲಿರುವುದನ್ನು ಅಳೆಯಿರಿ. ಕಾಗದ ಬಂದ ಎಷ್ಟು ದಿನದೊಳಗೆ ಮೊದಲ ಭೇಟಿ ಆಯಿತು? ಮೂರು ದಿನ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಐದು. ಸಿಗದವರಿಗೆ ಕನಿಷ್ಠ ಮೂರು ಭೇಟಿ, ಬೆಳಿಗ್ಗೆ ಒಂದು, ಸಂಜೆ ಒಂದು, ರಜಾ ದಿನ ಒಂದು, ಆಯಿತೇ? ವಾಯಿದೆಗೆ ಒಂದು ವಾರ ಮುಂಚೆ ವರದಿ ವಕೀಲರ ಕೈಗೆ ಹೋಯಿತೇ? ಈ ಕೊನೆಯದು ಎಲ್ಲಕ್ಕಿಂತ ಮುಖ್ಯ. ಸಮನ್ಸ್ ಜಾರಿಯಾಗದೆ ವಾಪಸಾದ ಮೇಲೆ ಏಳು ದಿನದೊಳಗೆ ವಾದಿ ಹೊಸ ಸಮನ್ಸಿಗೆ ಅರ್ಜಿ ಹಾಕದಿದ್ದರೆ ಆದೇಶ 9, ನಿಯಮ 5ರಂತೆ ಆ ಪ್ರತಿವಾದಿಯ ಮಟ್ಟಿಗೆ ದಾವೆ ವಜಾ ಆಗಬಹುದು. ನೀವು ವರದಿ ಇಟ್ಟುಕೊಂಡು ಕೂತರೆ ಅವರ ಏಳು ದಿನ ನೀವು ತಿಂದ ಹಾಗೆ.

ದಾಖಲೆ_ಡಬ್ಬಿ:

ಒಪ್ಪಿದೆ, ಬೋರ್ಡು ಬೇಡ. ಆದರೂ ಒಳಗಿನ ರಿಜಿಸ್ಟರಿನಲ್ಲಿ ಖುದ್ದು ಕೈಗೆ ಕೊಟ್ಟದ್ದು, ಮನೆಯವರಿಗೆ ಕೊಟ್ಟದ್ದು, ನಿರಾಕರಣೆ, ವಾಪಸ್ ಇವನ್ನು ಬೇರೆ ಬೇರೆ ಕಾಲಮ್ಮಿನಲ್ಲಿ, ಹುಡುಗನ ಹೆಸರಿನ ಮುಂದೆ ಬರೆಯಲೇಬೇಕು. ಒಬ್ಬನ ಕಾಲಮ್ಮಿನಲ್ಲಿ ಮಾತ್ರ ‘ನಿರಾಕರಿಸಿದರು’ ರಾಶಿ ಬೀಳುತ್ತಿದ್ದರೆ ಅವನ ಜಿಪಿಎಸ್ ತೆಗೆದು ನೋಡಬೇಕು. ನೀವು ಹೇಳುವ ಮೋಸ ಸಿಕ್ಕಿಬೀಳುವುದು ಅದರಿಂದಲೇ.

ಹಳೇ_ನಾಜರ್:

ಹಾಗೆ ಬರೆಯುವುದಾದರೆ ಸರಿ. ‘ನಿರಾಕರಣೆ’ ಕಾಲಮ್ಮಿಗೆ ಇಬ್ಬರು ಊರಿನವರ ಹೆಸರು ಕಡ್ಡಾಯ ಮಾಡಿ. ಇಬ್ಬರೂ ನಿಮ್ಮ ಕಚೇರಿಯವರೇ ಆಗಿರಬಾರದು.

ಹಾರಂಗಿ_ದಂಡೆ:

ಸರಿ, ಬೋರ್ಡು ಕ್ಯಾನ್ಸಲ್. ಕೊನೆಯ ಒಂದು: ಕಲಂ 106ರ ನೋಟಿಸು. ಬಾಡಿಗೆದಾರ ಅಂಗಡಿ ಮುಚ್ಚಿ ಎಲ್ಲೋ ಹೋಗಿದ್ದಾನೆ, ಮನೆಯಲ್ಲೂ ಯಾರಿಲ್ಲ. ಅಂಗಡಿಗೆ ಅಂಟಿಸಬೇಕು, ಜುಲೈ ಮಳೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ತಕರಾರು ಬರುತ್ತದೆಯೇ?

ಬಾಣೆ_ಬದಿ:

ಬರುವುದಿಲ್ಲ, ಓದುವಂತೆ ಇದ್ದರೆ ಸಾಕು. ಆದರೆ ಮೊದಲು ಅಂಚೆ, ಖುದ್ದು ಎರಡೂ ನೋಡಿ ಆಗಲಿಲ್ಲ ಎಂಬ ದಾಖಲೆ ಇರಲಿ. ಅಂಟಿಸುವುದು ಆಮೇಲಿನ ದಾರಿ. ಪಾರದರ್ಶಕ ಕವರಿನ ಬಾಯಿ ಕೆಳಮುಖ ಮಾಡಿ, ನಾಲ್ಕೂ ಬದಿ ಅಗಲ ಟೇಪು. ಶಟರಿನ ಮಡಿಕೆ ಮೇಲೆ ಟೇಪು ನಿಲ್ಲದು, ಪಕ್ಕದ ಗೋಡೆ ಅಥವಾ ಬಾಗಿಲ ಚೌಕಟ್ಟು ನೋಡಿ, ಬಟ್ಟೆಯಿಂದ ಒರೆಸಿ ಅಂಟಿಸಿ. ಇಂಕ್‌ಜೆಟ್ ಪ್ರಿಂಟು ತೇವಕ್ಕೆ ಹರಡುತ್ತದೆ, ಲೇಸರ್ ಪ್ರಿಂಟೇ ಆಗಬೇಕು. ಸಹಿ ಬಾಲ್ ಪೆನ್ನಿನಲ್ಲಿ. ಫೋಟೋ ಎರಡು: ಅಂಗಡಿ ಬೋರ್ಡು ಸಮೇತ ದೂರದಿಂದ ಒಂದು, ಅಕ್ಷರ ಓದುವಷ್ಟು ಹತ್ತಿರದಿಂದ ಒಂದು. ಫ್ಲ್ಯಾಶ್ ಹಾಕಿದರೆ ಪ್ಲಾಸ್ಟಿಕ್ ಹೊಳೆದು ಒಂದಕ್ಷರವೂ ಕಾಣುವುದಿಲ್ಲ.